ಬದುಕಿ ಉಳಿದ ಹೆಂಡತಿ

ಮೊದಲು ಮೂವರು ಹೆಂಗಸರನ್ನು ನೆನಪು ಮಾಡಿಕೊಳ್ಳೋಣ. ಮೂವರಿಗೂ ಮದುವೆಯಾಗಿದೆ, ಮಕ್ಕಳೂ ಇದ್ದಾರೆ. ಒಂದು ದಿನ ಮೂವರಿಗೂ ‘ಇಷ್ಟೇನಾ?’ ಅನ್ನಿಸಿದೆ. ಫ್ರಾನ್ಸಿನ ಫ್ಲೋಬೇರ್ ಬರೆದ ಎಮ್ಮಾ ಬೊವರಿಯ ಕಥೆ ಪುಸ್ತಕವಾಗಿ ಬಂದದ್ದು 1857ರಲ್ಲಿ. ಅವಳು ವಿಷ ತಿಂದಳು. ರಷ್ಯಾದ ಟಾಲ್‌ಸ್ಟಾಯ್ ಬರೆದ ಅನ್ನಾ ಕರೆನಿನಾಳ ಕಥೆ ಪುಸ್ತಕವಾದದ್ದು 1878ರಲ್ಲಿ. ಅವಳು ರೈಲಿನ ಕೆಳಗೆ ಬಿದ್ದಳು. ಅಮೆರಿಕದ ಕೇಟ್ ಷೋಪಿನ್ ಬರೆದ ‘ದಿ ಅವೇಕನಿಂಗ್’ 1899ರದ್ದು. ಅದರ ಎಡ್ನಾ ಸಮುದ್ರದಲ್ಲಿ ಈಜುತ್ತಾ ದೂರ ಹೋದಳು, ತಿರುಗಿ ಬರಲಿಲ್ಲ.

ಇವು ದೊಡ್ಡ ಕಾದಂಬರಿಗಳು. ನನಗೆ ಮೂರೂ ಬಹಳ ಇಷ್ಟ. ಆದರೆ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎದೆ ಭಾರವಾಗುತ್ತದೆ. ಹೆಂಡತಿ ಒಂದು ಪ್ರಶ್ನೆ ಕೇಳಿದಳು. ಮೂರು ದೇಶದಲ್ಲಿ, ಮೂರು ಭಾಷೆಯಲ್ಲಿ ಕೇಳಿದಳು. ಮೂರು ಕಡೆಯೂ ಕಥೆ ಮುಗಿಯುವ ಹೊತ್ತಿಗೆ ಅವಳೇ ಇರಲಿಲ್ಲ.

ಈಗ ನಗೆಯ ಕಥೆಗಳಿಗೆ ಬನ್ನಿ. ಇಲ್ಲೂ ಅವಳೇ ಇದ್ದಾಳೆ, ಅದೇ ಪ್ರಶ್ನೆ ಇದೆ. ಆದರೆ ಇಲ್ಲಿ ಅವಳು ಸಾಯುವುದಿಲ್ಲ. ಯಾಕೆ ಅಂತ ನಾನು ತುಂಬಾ ದಿನ ಯೋಚನೆ ಮಾಡಿದೆ. ನನಗೆ ಸಿಕ್ಕ ಉತ್ತರ ಸರಳವಾದದ್ದು. ನಗೆಯ ಕಥೆಯಲ್ಲಿ ನಾಳೆ ಬೆಳಗ್ಗೆ ಅನ್ನುವುದೊಂದು ಇರುತ್ತದೆ. ನಿನ್ನೆ ರಾತ್ರಿ ಅವಳು ‘ಈ ಮದುವೆ ನನಗೆ ಬೇಕಾ?’ ಅಂತ ಕಣ್ಣು ಬಿಟ್ಟುಕೊಂಡು ಮಲಗಿದ್ದಿರಬಹುದು. ಬೆಳಗ್ಗೆ ಆರಕ್ಕೆ ಮಗುವಿನ ಒಂದು ಸಾಕ್ಸ್ ಕಾಣುತ್ತಿಲ್ಲ. ಪ್ರಶ್ನೆ ಹಾಗೇ ಇದೆ. ಸಾಕ್ಸ್ ಕೂಡ ಹುಡುಕಬೇಕು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಅವಳು ಮಂಚದ ಕೆಳಗೆ ಬಗ್ಗುತ್ತಾಳೆ. ಅಲ್ಲಿಂದಲೇ ನಗು ಹುಟ್ಟುತ್ತದೆ. ಅವಳು ಬದುಕಿ ಉಳಿಯುವುದೂ ಅಲ್ಲಿಂದಲೇ.

ಹಗುರ ಸಾಹಿತ್ಯ ಅಂತ ಜನ ಪಕ್ಕಕ್ಕೆ ಇಡುವ ಈ ಬಗೆಯ ಕಥೆಗಳ ಬಗ್ಗೆ ಇವತ್ತು ಮಾತಾಡಬೇಕು ಅಂತ ನಾನೇ ಕೇಳಿಕೊಂಡೆ. ಅದಕ್ಕೆ ಕಾರಣ ಇದು.

ಇವಳ ಅಸಮಾಧಾನ ಎಂಥದ್ದು ಅನ್ನುವುದನ್ನು ಮೊದಲು ಸರಿಯಾಗಿ ನೋಡಬೇಕು. ಗಂಡ ಹೊಡೆಯುವವನು, ಕುಡಿಯುವವನು ಅಂದರೆ ಕಥೆಯ ದಾರಿಯೇ ಬೇರೆ. ಅಲ್ಲಿ ಅವಳು ಹೊರಗೆ ಬರಲು ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಅದು ನಗುವ ವಿಷಯವೂ ಅಲ್ಲ. ನಾನು ಹೇಳುತ್ತಿರುವ ಹೆಂಡತಿಯ ಕಷ್ಟ ಏನೆಂದರೆ ಅವಳ ಗಂಡ ಒಳ್ಳೆಯವನು. ಎಲ್ಲರೂ ಹಾಗೇ ಹೇಳುತ್ತಾರೆ, ಅವಳೂ ಹೇಳುತ್ತಾಳೆ. ಕೆಲಸಕ್ಕೆ ಹೋಗುತ್ತಾನೆ, ಸಂಬಳ ತರುತ್ತಾನೆ, ಮಕ್ಕಳ ತಲೆ ಸವರುತ್ತಾನೆ. ಹನ್ನೆರಡು ವರ್ಷದಿಂದ ಟವೆಲ್ ಒಂದೇ ಜಾಗದಲ್ಲಿದೆ. ಹನ್ನೆರಡು ವರ್ಷದಿಂದ ‘ಟವೆಲ್ ಎಲ್ಲಿ?’ ಅಂತ ಕೇಳುತ್ತಾನೆ. ಇದನ್ನು ಯಾರ ಹತ್ತಿರ ದೂರು ಅಂತ ಹೇಳಲಿಕ್ಕಾಗುತ್ತದೆ? ಹೇಳಿದರೆ ‘ನಿನಗೆ ಇನ್ನೇನು ಕಮ್ಮಿ ಆಗಿದೆ?’ ಅನ್ನುತ್ತಾರೆ.

‘ಇನ್ನೇನು ಕಮ್ಮಿ?’ ಈ ಮಾತು ಈ ಇಡೀ ಸಾಹಿತ್ಯ ಪ್ರಕಾರದ ಬೇರು. ಇದಕ್ಕೆ ಅವಳ ಹತ್ತಿರ ಉತ್ತರ ಇಲ್ಲ. ಉತ್ತರ ಇಲ್ಲದ್ದಕ್ಕೇ ಅವಳು ಒಂದು ಪುಸ್ತಕದಷ್ಟು ಮಾತಾಡುತ್ತಾಳೆ.

ಯಾರ ಹತ್ತಿರ ಮಾತಾಡುತ್ತಾಳೆ ಅನ್ನುವುದನ್ನು ಗಮನಿಸಿ. ನನಗೆ ಈ ಪ್ರಕಾರದಲ್ಲಿ ಅತ್ಯಂತ ಹಿಡಿಸಿದ ಸಂಗತಿ ಇದೇ. 1930ರಲ್ಲಿ ಇಂಗ್ಲೆಂಡಿನ ಇ. ಎಂ. ಡೆಲಾಫೀಲ್ಡ್ ‘ಡೈರಿ ಆಫ್ ಎ ಪ್ರಾವಿನ್ಷಿಯಲ್ ಲೇಡಿ’ ಅಂತ ಒಂದು ಪುಸ್ತಕ ತಂದರು. ಅದಕ್ಕೂ ಮೊದಲು ಅದು ‘ಟೈಮ್ ಅಂಡ್ ಟೈಡ್’ ಅನ್ನುವ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಊರ ಕಡೆಯ ಒಬ್ಬ ಗೃಹಿಣಿ, ಇಬ್ಬರು ಮಕ್ಕಳು, ರಾಬರ್ಟ್ ಅನ್ನುವ ಗಂಡ. ರಾಬರ್ಟ್ ಕೆಟ್ಟವನಲ್ಲ. ಪೇಪರ್ ಹಿಡಿದು ಕೂರುತ್ತಾನೆ, ಅದರ ಹಿಂದೆಯೇ ನಿದ್ದೆ ಹೋಗುತ್ತಾನೆ. ಹಾಗಾಗಿ ಅವಳು ಡೈರಿಗೆ ಹೇಳಿಕೊಳ್ಳುತ್ತಾಳೆ. ಡೈರಿ ಮಧ್ಯದಲ್ಲಿ ಬಾಯಿ ಹಾಕುವುದಿಲ್ಲ ಅಲ್ವಾ.

ವಿಲ್ಲಿ ರಸೆಲ್ ಬರೆದ ‘ಶರ್ಲಿ ವ್ಯಾಲೆಂಟೈನ್’ ನಾಟಕ 1986ರದ್ದು. ರಂಗದ ಮೇಲೆ ಒಬ್ಬಳೇ ಪಾತ್ರಧಾರಿ. ಮಕ್ಕಳು ದೊಡ್ಡವರಾಗಿದ್ದಾರೆ, ಗಂಡನಿಗೆ ರಾತ್ರಿಯ ಊಟ ಹೊತ್ತಿಗೆ ಸರಿಯಾಗಿ ಬೇಕು. ಅವಳು ಅಡುಗೆಮನೆಯ ಗೋಡೆಯ ಜೊತೆ ಮಾತಾಡುತ್ತಾಳೆ. ಗೋಡೆಯನ್ನೇ ಕರೆದು ಮಾತಿಗೆ ಎಳೆಯುತ್ತಾಳೆ. ಪ್ರೇಕ್ಷಕರು ನಗುತ್ತಾರೆ. ನಗುತ್ತಾ ನಗುತ್ತಾ ಒಂದು ವಿಷಯ ಅವರಿಗೆ ಹೊಳೆಯುತ್ತದೆ. ಆ ಗೋಡೆ ನಿಂತಿರುವ ಜಾಗದಲ್ಲಿ ಒಬ್ಬ ಮನುಷ್ಯ ಇರಬೇಕಿತ್ತು.

ಒಂದು ಕಡೆ ಡೈರಿ, ಇನ್ನೊಂದು ಕಡೆ ಗೋಡೆ. ಬೇರೆ ಕಥೆಗಳಲ್ಲಿ ಗೆಳತಿಗೆ ಬರೆದ ಕಾಗದ, ಪತ್ರಿಕೆಯ ಅಂಕಣ. ಈ ಪ್ರಕಾರ ಹೆಚ್ಚಾಗಿ ‘ನಾನು’ ಅನ್ನುವ ಧ್ವನಿಯಲ್ಲಿ ಬರುವುದು ಸುಮ್ನೆ ಅಲ್ಲ. ಮನೆಯಲ್ಲಿ ಕೇಳುವವರಿಲ್ಲದ ಹೆಂಗಸು ಕಥೆಯೊಳಗೆ ಮೊದಲು ಒಂದು ಕಿವಿಯನ್ನು ಹುಡುಕಿಕೊಳ್ಳುತ್ತಾಳೆ. ನಿಮ್ಮಲ್ಲಿ ಬರೆಯುವವರು ಇದ್ದೀರಿ. ಇಂಥ ಕಥೆ ಬರೆಯಲು ಕೂತಾಗ ‘ಇವಳು ಇದನ್ನು ಯಾರಿಗೆ ಹೇಳುತ್ತಿದ್ದಾಳೆ?’ ಅಂತ ಮೊದಲು ಕೇಳಿಕೊಳ್ಳಿ. ಅದು ಗೊತ್ತಾದರೆ ಭಾಷೆ ತಾನಾಗೇ ಬರುತ್ತದೆ.

ನಾನು ಈಗ ಒಂದು ಸಣ್ಣ ಕಥೆ ಹೇಳುತ್ತೇನೆ. ಈ ಮಾತಿಗಾಗಿಯೇ ಕಟ್ಟಿದ್ದು. ಮುಂದೆ ಎರಡು ಮೂರು ಸಲ ಇದಕ್ಕೇ ವಾಪಸ್ ಬರುತ್ತೇನೆ.

ಒಬ್ಬಳು ಹೆಂಡತಿ. ಇವತ್ತು ಗಂಡನ ಹತ್ತಿರ ಮಾತಾಡಿಯೇ ತೀರಬೇಕು ಅಂತ ನಿರ್ಧಾರ ಮಾಡಿದ್ದಾಳೆ. ‘ನಾವು ಹೀಗೇ ಇರಬೇಕಾ, ನನಗೆ ಗೊತ್ತಾಗ್ತಾ ಇಲ್ಲ’ ಅನ್ನುವುದು ಮಾತು. ಸ್ನಾನ ಮಾಡುವಾಗ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದ್ದಾಳೆ. ಬೆಳಗ್ಗೆ ತಿಂಡಿಯ ಹೊತ್ತಿಗೆ ‘ರೀ, ನಿಮ್ಮ ಹತ್ರ ಒಂದು ಮಾತಾಡ್ಬೇಕು’ ಅನ್ನುತ್ತಾಳೆ. ಅಷ್ಟರಲ್ಲಿ ಮಗನಿಗೆ ನೆನಪಾಗುತ್ತದೆ, ಇವತ್ತು ಶಾಲೆಗೆ ಮರದ ವೇಷ ಹಾಕಿಕೊಂಡು ಹೋಗಬೇಕು. ಹಸಿರು ಬಟ್ಟೆ ಹುಡುಕುವುದರಲ್ಲಿ ಬೆಳಗ್ಗೆ ಮುಗಿಯುತ್ತದೆ. ಸಂಜೆ ಮತ್ತೆ ಹೋಗಿ ಎದುರು ಕೂರುತ್ತಾಳೆ. ಅವನಿಗೆ ಫೋನ್ ಬರುತ್ತದೆ. ರಾತ್ರಿ ಮಕ್ಕಳು ಮಲಗಿದ್ದಾರೆ, ಮನೆ ನಿಶ್ಶಬ್ದ. ಕೇಳಿಸುತ್ತಿರುವುದು ಅಡುಗೆಮನೆಯ ನಲ್ಲಿ ತೊಟಕ್ ತೊಟಕ್ ಅನ್ನುವುದು ಮಾತ್ರ. ಅವಳು ಕತ್ತಲಲ್ಲಿ ‘ನನಗೆ ಒಂದೊಂದ್ಸಲ ಅನ್ಸುತ್ತೆ...’ ಅಂತ ಶುರು ಮಾಡುತ್ತಾಳೆ. ಪಕ್ಕದಿಂದ ಗೊರಕೆ. ಮಾರನೇ ದಿನ ಬೆಳಗ್ಗೆ ಅವನಿಗೆ ನಿಜವಾಗಿಯೂ ನೆನಪಿದೆ. ಶೂ ಹಾಕಿಕೊಳ್ಳುತ್ತಾ ಕೇಳುತ್ತಾನೆ: ‘ನಿನ್ನೆ ಏನೋ ಹೇಳ್ಬೇಕು ಅಂತಿದ್ದೆ?’ ಒಂದು ಕಾಲಲ್ಲಿ ಶೂ ಇದೆ, ಕೈಯಲ್ಲಿ ಬೀಗದ ಕೈ ಇದೆ. ಅವಳು ಅವನನ್ನೇ ನೋಡುತ್ತಾಳೆ. ‘ನಲ್ಲಿಗೆ ವಾಷರ್ ಬೇಕು’ ಅನ್ನುತ್ತಾಳೆ.

ನೀವು ನಕ್ಕಿರಿ. ಒಳ್ಳೆಯದು. ಈಗ ಈ ನಗುವಿನ ಬಗ್ಗೆ ಒಂದು ಗಂಭೀರ ಆರೋಪ ಇದೆ, ಅದನ್ನು ಕೇಳಬೇಕು.

1963ರಲ್ಲಿ ಅಮೆರಿಕದ ಬೆಟ್ಟಿ ಫ್ರೀಡನ್ ‘ದಿ ಫೆಮಿನೈನ್ ಮಿಸ್ಟೀಕ್’ ಬರೆದರು. ಎಲ್ಲ ಇದ್ದೂ ಉಸಿರುಕಟ್ಟುವ ಗೃಹಿಣಿಯ ಸಂಕಟಕ್ಕೆ ಅವರು ‘ಹೆಸರಿಲ್ಲದ ಸಮಸ್ಯೆ’ ಅಂದರು. ಅದೇ ಪುಸ್ತಕದಲ್ಲಿ ಅವರು ಆ ಕಾಲದ ಹಾಸ್ಯ ಲೇಖಕಿಯರ ಮೇಲೂ ಸಿಟ್ಟಾಗಿದ್ದಾರೆ. ಮನೆಗೆಲಸದ ಪಾಡನ್ನು ತಮಾಷೆ ಮಾಡಿ ಬರೆಯುವ ಇವರು ತಾವು ಮಾತ್ರ ಬರಹಗಾರ್ತಿಯರು, ಓದುವ ಹೆಂಗಸಿಗೆ ಮಾತ್ರ ‘ನಕ್ಕು ಸುಮ್ಮನಿರು’ ಅನ್ನುತ್ತಾರೆ ಅನ್ನುವುದು ಅವರ ವಾದದ ತಿರುಳು. ಅವರು ಹೆಸರಿಸಿದವರಲ್ಲಿ ಶರ್ಲಿ ಜಾಕ್ಸನ್ ಒಬ್ಬರು.

ಈ ಶರ್ಲಿ ಜಾಕ್ಸನ್ ಬಗ್ಗೆ ಸ್ವಲ್ಪ ಹೇಳಲೇಬೇಕು, ದಾರಿ ತಪ್ಪಿದರೂ ಪರವಾಗಿಲ್ಲ. ‘ದಿ ಲಾಟರಿ’ ಅನ್ನುವ ಬೆನ್ನು ನಡುಗಿಸುವ ಕಥೆಯನ್ನು 1948ರಲ್ಲಿ ಬರೆದದ್ದು ಇವರೇ. ನಾಲ್ಕು ಮಕ್ಕಳ ತಾಯಿ. ಮನೆಯ ಗಲಾಟೆಯನ್ನೇ ಹಿಡಿದು 1953ರಲ್ಲಿ ‘ಲೈಫ್ ಅಮಾಂಗ್ ದಿ ಸ್ಯಾವೇಜಸ್’ ಅನ್ನುವ ಹಾಸ್ಯದ ಪುಸ್ತಕ ಬರೆದರು. ಅದರಲ್ಲಿ ಹೆರಿಗೆಗೆ ಆಸ್ಪತ್ರೆ ಸೇರುವ ಒಂದು ಪ್ರಸಂಗ ಬರುತ್ತದೆ. ನೋವು ಶುರುವಾಗಿದೆ, ಮೇಜಿನ ಹಿಂದೆ ಕೂತವಳು ಅರ್ಜಿ ತುಂಬಿಸುತ್ತಿದ್ದಾಳೆ. ಉದ್ಯೋಗ ಏನು ಅಂತ ಕೇಳುತ್ತಾಳೆ. ಇವರು ‘ಬರಹಗಾರ್ತಿ’ ಅನ್ನುತ್ತಾರೆ. ಅವಳು ‘ಗೃಹಿಣಿ ಅಂತ ಹಾಕ್ತೀನಿ’ ಅನ್ನುತ್ತಾಳೆ.

ಮೊದಲ ಸಲ ಓದಿದಾಗ ನಾನು ಜೋರಾಗಿ ನಕ್ಕೆ. ಎರಡನೇ ಸಲ ನಗು ಅರ್ಧಕ್ಕೆ ನಿಂತಿತು. ಅಲ್ಲಿ ಯಾರೂ ಕೆಟ್ಟವರಿಲ್ಲ. ಅರ್ಜಿಯವಳು ತನ್ನ ಕೆಲಸ ಮಾಡುತ್ತಿದ್ದಾಳೆ. ಆದರೆ ಒಬ್ಬ ಹೆಂಗಸಿನ ಇಡೀ ಬದುಕು ಆ ಒಂದು ಖಾನೆಯಲ್ಲಿ ಅಳಿಸಿಹೋಯಿತು. ಇದನ್ನು ‘ನಕ್ಕು ಸುಮ್ಮನಿರು’ ಅನ್ನುವ ಬರಹ ಅಂತ ನಾನು ಒಪ್ಪುವುದಿಲ್ಲ. ಫ್ರೀಡನ್ ಇಲ್ಲಿ ತಪ್ಪು ಮಾಡಿದರು ಅಂತ ನನ್ನ ಅಭಿಪ್ರಾಯ.

ಆದರೂ ಅವರ ಆರೋಪದಲ್ಲಿ ಅರ್ಧ ಸತ್ಯ ಇದೆ. ಒತ್ತಡ ಹೊರಗೆ ಹಾಕಿ ಮತ್ತೆ ಮುಚ್ಚಳ ಮುಚ್ಚುವ ನಗು ಇದೆ. ಮುಚ್ಚಳ ತೆಗೆದು ಒಳಗೆ ನೋಡುವಂತೆ ಮಾಡುವ ನಗುವೂ ಇದೆ. ಎರಡಕ್ಕೂ ವ್ಯತ್ಯಾಸ ಎಲ್ಲಿದೆ? ನಮ್ಮ ವಾಷರಿನ ಕಥೆಯಲ್ಲೇ ನೋಡಬಹುದು. ‘ನಲ್ಲಿಗೆ ವಾಷರ್ ಬೇಕು’ ಅನ್ನುವಲ್ಲಿ ನಿಲ್ಲಿಸಿದರೆ ಅದು ಮೊದಲನೇ ಬಗೆ. ಪಾಪ, ಹೆಂಗಸರ ಪಾಡೇ ಇಷ್ಟು ಅಂತ ನಕ್ಕು ಎದ್ದು ಹೋಗುತ್ತೇವೆ. ಈಗ ಒಂದು ಹೆಜ್ಜೆ ಮುಂದೆ ಹೋಗಿ. ಸಂಜೆ ಅವನು ವಾಷರ್ ತರುತ್ತಾನೆ. ಮರೆಯದೆ ತರುತ್ತಾನೆ. ಒಂದಲ್ಲ, ಬೇರೆ ಬೇರೆ ಅಳತೆಯ ಮೂರು. ಖುಷಿಯಿಂದ ಅವಳ ಅಂಗೈಯಲ್ಲಿಟ್ಟು ‘ನೀನು ಕೇಳಿದ್ಯಲ್ಲ’ ಅನ್ನುತ್ತಾನೆ. ಅವಳು ಆ ಮೂರು ಸಣ್ಣ ರಬ್ಬರ್ ಬಿಲ್ಲೆಗಳನ್ನು ನೋಡುತ್ತಾ ನಿಲ್ಲುತ್ತಾಳೆ. ಇವನಿಗೆ ಕೇಳಿಸುತ್ತದೆ, ಕೇಳಿಸದೆ ಇಲ್ಲ. ಅವಳು ಹೇಳಿದ್ದೇ ಇಷ್ಟು.

ಈಗ ನಗು ಬೇರೆ ಆಯಿತು ಅಲ್ವಾ? ಅವನ ಮೇಲಿನ ಸಿಟ್ಟು ಸ್ವಲ್ಪ ಕರಗಿತು, ಪ್ರಶ್ನೆ ಮಾತ್ರ ಇನ್ನೂ ದೊಡ್ಡದಾಯಿತು. ತಪ್ಪು ಅವನದ್ದು ಅಂತ ಹೇಳಿ ಕೈ ತೊಳೆದುಕೊಳ್ಳುವುದು ಇನ್ನು ಅವಳಿಗೆ ಸಾಧ್ಯವಿಲ್ಲ. ಗಂಡನನ್ನು ದಡ್ಡ ಮಾಡಿ ಬರೆಯುವುದು ಸುಲಭ. ಹಾಗೆ ಬರೆದ ತಕ್ಷಣ ಕಥೆ ಮದುವೆಯ ಬಗ್ಗೆ ಇರುವುದಿಲ್ಲ, ಒಬ್ಬ ದಡ್ಡನ ಬಗ್ಗೆ ಆಗಿಬಿಡುತ್ತದೆ. ದಡ್ಡನನ್ನು ಬಿಟ್ಟು ಹೋದರೆ ಸಮಸ್ಯೆ ಮುಗಿಯಿತು. ಒಳ್ಳೆಯವನ ಜೊತೆ ಇದ್ದೂ ಒಂಟಿ ಅನ್ನಿಸಿದರೆ ಏನು ಮಾಡುವುದು ಅನ್ನುವುದೇ ನಿಜವಾದ ಪ್ರಶ್ನೆ.

ಇಲ್ಲಿ ನಮ್ಮ ಭಾಷೆಯ ಒಂದು ಸಂಗತಿ ನೆನಪಾಗುತ್ತದೆ. ಹಾಸ್ಯದಲ್ಲಿ ಹೆಂಡತಿ ಅಂದರೆ ಬಹಳ ಕಾಲ ನಗಿಸುವ ವಸ್ತು. ಜಗಳಗಂಟಿ, ಸೀರೆಯ ಆಸೆಯವಳು, ಗಂಡನ ಜೇಬು ಖಾಲಿ ಮಾಡುವವಳು. ಜೋಕು ಹೇಳುವವನು ಗಂಡ. 1942ರಲ್ಲಿ ರಾಶಿಯವರು ‘ಕೊರವಂಜಿ’ ಪತ್ರಿಕೆ ಶುರು ಮಾಡಿದರು. ಅದರಲ್ಲಿ ಟಿ. ಸುನಂದಮ್ಮ ಬರೆಯತೊಡಗಿದಾಗ ಆ ಜಾಗ ಅದಲುಬದಲಾಯಿತು. ಮನೆಯೊಳಗಿನ ಹೆಂಗಸು ನಗೆಯ ವಸ್ತುವಾಗಿ ಕೂತಿದ್ದವಳು ಎದ್ದು ಬಂದು ತಾನೇ ಕಥೆ ಹೇಳತೊಡಗಿದಳು. ಎಷ್ಟು ದೊಡ್ಡ ಬದಲಾವಣೆ ನೋಡಿ. ಯಾರು ನಗುತ್ತಾರೆ ಅನ್ನುವುದಕ್ಕಿಂತ ಯಾರು ಹೇಳುತ್ತಾರೆ ಅನ್ನುವುದು ಮುಖ್ಯ.

ಇನ್ನು ಮಕ್ಕಳ ವಿಷಯ. ಅವಳು ಬರೀ ಹೆಂಡತಿಯಾಗಿದ್ದರೆ ಕಥೆ ಇಷ್ಟು ಕಷ್ಟದ್ದಲ್ಲ. ತಾಯಿಯೂ ಆಗಿದ್ದಾಳೆ. ನಾರ್ವೆಯ ನಾಟಕಕಾರ ಇಬ್ಸನ್ನರ ‘ಎ ಡಾಲ್ಸ್ ಹೌಸ್’ ನಿಮಗೆ ಗೊತ್ತು. 1879ರ ನಾಟಕ, ಕೊನೆಯಲ್ಲಿ ನೋರಾ ಗಂಡ ಮಕ್ಕಳನ್ನು ಬಿಟ್ಟು ಬಾಗಿಲು ಹಾಕಿಕೊಂಡು ಹೊರಟುಹೋಗುತ್ತಾಳೆ. ಜರ್ಮನಿಯಲ್ಲಿ ಆಡಬೇಕಾದಾಗ ನೋರಾ ಪಾತ್ರದ ನಟಿ ಒಪ್ಪಲಿಲ್ಲ. ನಾನಾಗಿದ್ದರೆ ಮಕ್ಕಳನ್ನು ಬಿಟ್ಟು ಹೋಗುತ್ತಿರಲಿಲ್ಲ ಅಂದರು. ಬೇರೆ ಯಾರೋ ತಿದ್ದುವ ಬದಲು ಇಬ್ಸನ್ ತಾವೇ ಇನ್ನೊಂದು ಕೊನೆ ಬರೆದುಕೊಟ್ಟರು. ಅದರಲ್ಲಿ ಗಂಡ ಅವಳನ್ನು ಮಕ್ಕಳ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋಗುತ್ತಾನೆ, ಅವಳು ಅಲ್ಲೇ ಕುಸಿಯುತ್ತಾಳೆ. ಆ ಕೊನೆಯನ್ನು ಇಬ್ಸನ್ ಕೊನೆಯವರೆಗೂ ಇಷ್ಟಪಡಲಿಲ್ಲ. ಗಂಡನನ್ನು ಬಿಟ್ಟವಳನ್ನು ಜನ ಹೇಗೋ ಸಹಿಸಿಕೊಂಡಾರು. ಮಕ್ಕಳ ಕೋಣೆ ದಾಟಿ ಹೋದವಳನ್ನು ಸಹಿಸಲಿಲ್ಲ.

ನಗೆಯ ಕಥೆಗೆ ಈ ಗಂಟು ಬಿಡಿಸುವ ಶಕ್ತಿ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಇನ್ನೊಂದು ಶಕ್ತಿ ಇದೆ. ಅದು ಮಕ್ಕಳನ್ನು ಅಳುವ ಗೊಂಬೆಗಳಾಗಿ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಅವರಿಗೆ ಬಾಯಿ ಕೊಡುತ್ತದೆ. ಮಕ್ಕಳು ಎಲ್ಲ ನೋಡುತ್ತಿರುತ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಗೆಳತಿಯ ಜೊತೆ ಮನೆ ಆಟ ಆಡುತ್ತಿದ್ದಳು. ಗೆಳತಿ ‘ನಾನು ಪಾಪು’ ಅಂದಳು. ನನ್ನ ಮಗಳು ‘ನಾನು ಅಮ್ಮ’ ಅಂತ ಹೇಳಿ, ಒಂದು ಸ್ಟೂಲ್ ಎಳೆದುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಳು. ಪಾಪು ಕಾದು ಕಾದು ‘ಅಮ್ಮ ಏನು ಮಾಡ್ತಾಳೆ?’ ಅಂತ ಕೇಳಿತು. ಮಗಳು ತಿರುಗದೆ ಹೇಳಿದಳು: ‘ಶ್. ಅಮ್ಮ ಯೋಚನೆ ಮಾಡ್ತಿದ್ದಾಳೆ. ಆಮೇಲೆ ಬಂದು ಜೋರಾಗಿ ಪಾತ್ರೆ ತೊಳೀತಾಳೆ.’

ನಾನು ಅಡುಗೆಮನೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡೆ. ಒಂದು ಇಡೀ ಅಧ್ಯಾಯದ ಕೆಲಸವನ್ನು ಆ ಎರಡು ಸಾಲು ಮಾಡಿದ್ದವು. ಯೋಚನೆ, ಆಮೇಲೆ ಪಾತ್ರೆಯ ಸದ್ದು. ಮಗುವಿಗೆ ಕಾರಣ ಗೊತ್ತಿರಲಿಲ್ಲ, ಕ್ರಮ ಮಾತ್ರ ಗೊತ್ತಿತ್ತು. ಬರೆಯುವವರು ಮಕ್ಕಳಿಂದ ಬುದ್ಧಿವಂತಿಕೆಯ ಡೈಲಾಗ್ ಹೇಳಿಸಬಾರದು. ಅವರು ಕಂಡದ್ದನ್ನು ಮಾತ್ರ ಹೇಳಿದರೆ ಸಾಕು.

ಕಾಣುವುದು, ಕಾಣದಿರುವುದು ಅಂದಾಗ ಆ್ಯನ್ ಟೈಲರ್ ಅವರ ‘ಲ್ಯಾಡರ್ ಆಫ್ ಇಯರ್ಸ್’ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1995ರದ್ದು. ನಲವತ್ತು ವಯಸ್ಸಿನ ಡೀಲಿಯಾ, ಮೂರು ಮಕ್ಕಳ ತಾಯಿ. ಕುಟುಂಬದ ಜೊತೆ ಸಮುದ್ರ ತೀರಕ್ಕೆ ರಜೆಗೆ ಹೋದವಳು ಮರಳಿನ ಮೇಲೆ ನಡೆಯುತ್ತಾ ಹೊರಟೇಹೋಗುತ್ತಾಳೆ. ಯಾವ ಯೋಜನೆಯೂ ಇಲ್ಲ. ಪುಸ್ತಕ ತೆರೆದರೆ ಮೊದಲು ಸಿಗುವುದು ಅವಳು ಕಾಣೆಯಾದ ಸುದ್ದಿ. ಮನೆಯವರು ಕೊಟ್ಟ ಗುರುತಿನ ವಿವರ ಅದರಲ್ಲಿದೆ. ಕಣ್ಣಿನ ಬಣ್ಣ ನೀಲಿಯೋ, ಬೂದುವೋ, ಇಲ್ಲ ಹಸಿರೋ ಇರಬಹುದು ಅಂತ ಇದೆ. ಇಷ್ಟು ವರ್ಷ ಜೊತೆಗಿದ್ದವರಿಗೆ ಅವಳ ಕಣ್ಣು ಯಾವ ಬಣ್ಣ ಅಂತ ಗೊತ್ತಿಲ್ಲ.

ನಾನು ಈ ಪ್ರಕಾರದಲ್ಲಿ ಓದಿದ ಅತ್ಯಂತ ಒಳ್ಳೆಯ ಆರಂಭ ಇದು. ನಗು ಬರುತ್ತದೆ, ಜೊತೆಗೆ ಅವಳು ಯಾಕೆ ಹೋದಳು ಅಂತ ಇನ್ನು ಯಾರೂ ವಿವರಿಸಬೇಕಾಗಿಲ್ಲ. ಆಮೇಲೆ ನಡೆಯುವುದು ಇನ್ನೂ ಸ್ವಾರಸ್ಯ. ಬೇರೆ ಒಂದು ಸಣ್ಣ ಊರಿಗೆ ಹೋಗಿ ಒಂದು ಬೋಳು ಕೋಣೆ ಬಾಡಿಗೆ ಹಿಡಿಯುತ್ತಾಳೆ. ಏನೂ ಬೇಡ, ಯಾರೂ ಬೇಡ. ಆದರೆ ನಿಧಾನವಾಗಿ ಆ ಊರಿನವರೂ ಅವಳನ್ನು ಹಿಡಿದುಕೊಳ್ಳುತ್ತಾರೆ. ಕೊನೆಗೆ ಇನ್ನೊಂದು ಮನೆಯಲ್ಲಿ, ಇನ್ನೊಬ್ಬರ ಮಗುವನ್ನು ನೋಡಿಕೊಳ್ಳುತ್ತಿರುತ್ತಾಳೆ. ಓಡಿ ಬಂದದ್ದು ಯಾವುದರಿಂದ ಅಂತ ಓದುಗರಿಗೂ ಗೊಂದಲ, ಅವಳಿಗೂ ಗೊಂದಲ. ಟೈಲರ್ ಆ ಗೊಂದಲವನ್ನು ಅವಸರದಲ್ಲಿ ಬಿಡಿಸುವುದಿಲ್ಲ.

ಸಣ್ಣ ವಿವರದ ಬಗ್ಗೆ ಇನ್ನೊಂದು ಉದಾಹರಣೆ ಕೊಟ್ಟು ಬಿಡುತ್ತೇನೆ. ಆಲಿಸನ್ ಪಿಯರ್ಸನ್ ಅವರ ‘ಐ ಡೋಂಟ್ ನೋ ಹೌ ಶಿ ಡಸ್ ಇಟ್’, 2002. ದೊಡ್ಡ ಕೆಲಸದಲ್ಲಿರುವ ತಾಯಿ ಮಧ್ಯರಾತ್ರಿ ಅಡುಗೆಮನೆಯಲ್ಲಿದ್ದಾಳೆ. ಮಗಳ ಶಾಲೆಗೆ ಕಳಿಸಬೇಕಾದ ತಿಂಡಿಯನ್ನು ಅಂಗಡಿಯಿಂದ ತಂದಿದ್ದಾಳೆ. ಮನೆಯಲ್ಲೇ ಮಾಡಿದ್ದು ಅನ್ನಿಸಲಿ ಅಂತ ಲಟ್ಟಣಿಗೆ ಹಿಡಿದು ಅದರ ಅಂಚು ಜಜ್ಜುತ್ತಿದ್ದಾಳೆ. ‘ಒಳ್ಳೆಯ ತಾಯಿ ಅನ್ನಿಸಿಕೊಳ್ಳುವ ಒತ್ತಡ’ ಅಂತ ನಾನು ಒಂದು ಗಂಟೆ ಮಾತಾಡಿದರೂ ಆ ಲಟ್ಟಣಿಗೆಯ ಒಂದು ಏಟಿಗೆ ಸಮ ಆಗುವುದಿಲ್ಲ. ಅವಳು ಏನು ಅಂದುಕೊಳ್ಳುತ್ತಾಳೆ ಅನ್ನುವುದಕ್ಕಿಂತ ಕೈಯಲ್ಲಿ ಏನು ಹಿಡಿದಿದ್ದಾಳೆ ಅಂತ ಬರೆಯಿರಿ.

ಕೊನೆಯಲ್ಲಿ ಏನಾಗಬೇಕು ಅನ್ನುವುದು ಈ ಪ್ರಕಾರದ ಅತ್ಯಂತ ಕಷ್ಟದ ಜಾಗ. ಅವಳು ಹೋಗಬೇಕಾ, ಇರಬೇಕಾ? ಹಳೆಯ ಹಾಸ್ಯದಲ್ಲಿ ಕೊನೆಗೆ ಎಲ್ಲರೂ ಒಂದಾಗಬೇಕು ಅನ್ನುವ ಪದ್ಧತಿ. ಆದರೆ ಇವಳ ಕಥೆ ಮದುವೆಯಾದ ಮೇಲೆ ಶುರುವಾಗಿದೆ. ಗಂಡ ಹೂವು ತಂದುಕೊಟ್ಟ, ಅವಳು ಕಣ್ಣೊರೆಸಿಕೊಂಡಳು, ಎಲ್ಲ ಸರಿಹೋಯಿತು ಅಂತ ಮುಗಿಸಿದರೆ ಅಲ್ಲಿಯವರೆಗೆ ಅವಳು ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಹಾಗಂತ ಪೆಟ್ಟಿಗೆ ಹಿಡಿದು ಹೊರಟಳು, ಸ್ವತಂತ್ರಳಾದಳು ಅಂತ ಮುಗಿಸಿದರೂ ನನಗೆ ಸಮಾಧಾನ ಇಲ್ಲ. ಮಕ್ಕಳ ಸಾಕ್ಸ್ ಆ ಪೆಟ್ಟಿಗೆಯಲ್ಲೂ ಇರುತ್ತದೆ.

ಶರ್ಲಿ ವ್ಯಾಲೆಂಟೈನ್ ಗ್ರೀಸಿಗೆ ರಜೆಗೆ ಹೋಗಿ ಅಲ್ಲೇ ಉಳಿದುಬಿಡುತ್ತಾಳೆ. ಗಂಡ ಅವಳನ್ನು ಹುಡುಕಿಕೊಂಡು ಬರುತ್ತಿದ್ದಾನೆ. ನಾಟಕ ಮುಗಿಯುವಾಗ ಅವಳು ಸಮುದ್ರದ ಪಕ್ಕ ಅವನಿಗಾಗಿ ಕಾಯುತ್ತಾ ಕೂತಿದ್ದಾಳೆ. ಬಾ, ನನ್ನ ಜೊತೆ ಕೂತು ಏನಾದರೂ ಕುಡಿ ಅಂತ ಕರೆಯುವ ಯೋಚನೆಯಲ್ಲಿದ್ದಾಳೆ. ಅವನು ಕೂರುತ್ತಾನಾ? ನಾಟಕ ಹೇಳುವುದಿಲ್ಲ. 1989ರ ಸಿನಿಮಾದಲ್ಲಿ ಗಂಡ ಬರುವುದನ್ನು ತೋರಿಸಿದ್ದಾರೆ. ಅವನಿಗೆ ಅವಳ ಗುರುತೇ ಸಿಗುವುದಿಲ್ಲ, ಪಕ್ಕದಲ್ಲೇ ದಾಟಿ ಹೋಗುತ್ತಾನೆ. ಅವಳೇ ಕರೆಯಬೇಕಾಗುತ್ತದೆ. ಒಬ್ಬ ಹೆಂಗಸು ತನ್ನ ಗಂಡನಿಗೆ ಹೊಸದಾಗಿ ಪರಿಚಯ ಮಾಡಿಕೊಳ್ಳುವ ಆ ಕ್ಷಣ ನನಗೆ ಬಹಳ ಇಷ್ಟ. ಮದುವೆ ಉಳಿಯಿತಾ ಮುರಿಯಿತಾ ಅನ್ನುವುದು ಗೊತ್ತಾಗದಿದ್ದರೂ ಒಂದು ಸಂಗತಿ ಆಯಿತು. ಗೋಡೆಗೆ ಹೇಳುತ್ತಿದ್ದ ಮಾತನ್ನು ಈಗ ಮನುಷ್ಯನಿಗೆ ಹೇಳಲು ಅವಳು ತಯಾರಾಗಿದ್ದಾಳೆ.

ಹಾಗಾದರೆ ನಿಮ್ಮ ವಾಷರಿನ ಕಥೆ ಹೇಗೆ ಮುಗಿಯುತ್ತದೆ ಅಂತ ನೀವು ಕೇಳಬಹುದು. ನಾನೂ ಅದನ್ನು ಎರಡು ಮೂರು ಥರ ಬರೆದು ನೋಡಿದೆ. ಉಳಿಸಿಕೊಂಡದ್ದು ಇದು.

ಅವನು ಕೂತು ನಲ್ಲಿ ರಿಪೇರಿ ಮಾಡುತ್ತಾನೆ. ಮೊದಲ ವಾಷರ್ ಸರಿಹೋಗುವುದಿಲ್ಲ, ಎರಡನೆಯದೂ ಇಲ್ಲ, ಮೂರನೆಯದು ಸರಿಯಾಗಿ ಕೂರುತ್ತದೆ. ಮಗ ಇನ್ನೂ ಮರದ ವೇಷ ಬಿಚ್ಚಿಲ್ಲ, ಎಲೆಗಳ ಸಮೇತ ನಿಂತು ಟಾರ್ಚ್ ಹಿಡಿದಿದ್ದಾನೆ. ರಾತ್ರಿಯಾಗುತ್ತದೆ. ಎಲ್ಲರೂ ಮಲಗುತ್ತಾರೆ. ಎಷ್ಟೋ ತಿಂಗಳಿಂದ ಇದ್ದ ತೊಟಕ್ ತೊಟಕ್ ಸದ್ದು ಈಗ ಇಲ್ಲ. ಮನೆ ಎಷ್ಟು ನಿಶ್ಶಬ್ದ ಅಂತ ಅವಳಿಗೆ ಅವತ್ತೇ ಗೊತ್ತಾಗುತ್ತದೆ. ಗೊರಕೆಗೆ ಕಾಯುತ್ತಾಳೆ. ಗೊರಕೆ ಬರುವುದಿಲ್ಲ.

‘ನಿದ್ದೆ ಬಂದಿಲ್ವಾ?’ ಅಂತ ಅವನ ಧ್ವನಿ.

‘ಇಲ್ಲ.’

ಸ್ವಲ್ಪ ಹೊತ್ತು ಬಿಟ್ಟು ಅವನು ಹೇಳುತ್ತಾನೆ: ‘ಅವತ್ತು ನೀನು ಹೇಳ್ಬೇಕು ಅಂತಿದ್ದಿದ್ದು ವಾಷರ್ ಅಲ್ಲ ಅಲ್ವಾ?’